ಪಂಚಾಯಿತಿ ಗಣಕಯಂತ್ರಕ್ಕೆ ವಿಂಡೋಸ್ ಮರುಅಳವಡಿಕೆ: ಫಾರ್ಮ್ಯಾಟ್ ಮಾಡಿಸುವ ಮುನ್ನ ತಿಳಿಯಬೇಕಾದ ಸಂಗತಿಗಳು

ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಮಾಹಿತಿಗಾಗಿ

ಪಂಚಾಯಿತಿ ಕಚೇರಿಯ ಗಣಕಯಂತ್ರವು ನಿಧಾನವಾದಾಗ, ವೈರಸ್ ತಗುಲಿದಾಗ ಅಥವಾ ತೆರೆಯದೇ ನಿಂತಾಗ ಸಾಮಾನ್ಯವಾಗಿ ಕೇಳಿಬರುವ ಸಲಹೆ ಒಂದೇ: "ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿಸಿಬಿಡಿ." ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿರುವುದರಿಂದ, ಹಳೆಯ ಯಂತ್ರಗಳಿಗೆ ಹೊಸ ವಿಂಡೋಸ್ ಅಳವಡಿಸುವ ಪ್ರಸ್ತಾವಗಳು ಸಾಮಾನ್ಯ ಸಭೆಗಳ ಮುಂದೆ ಬರುವುದು ಸಹಜ. ಇಂತಹ ಪ್ರಸ್ತಾವವನ್ನು ಸಣ್ಣ ದುರಸ್ತಿ ವೆಚ್ಚವೆಂದು ಭಾವಿಸಿ ಚರ್ಚೆಯಿಲ್ಲದೆ ಅನುಮೋದಿಸುವುದುಂಟು. ವೆಚ್ಚ ಸಣ್ಣದೇ ಇರಬಹುದು. ಆದರೆ ಆ ಒಂದು ಗಂಟೆಯ ಕೆಲಸದಲ್ಲಿ ಹಲವು ವರ್ಷಗಳ ದಾಖಲೆ ಅಳಿಸಿಹೋಗಬಹುದು. ಫಾರ್ಮ್ಯಾಟ್ ಮಾಡಬೇಕೇ, ಬೇಡವೇ ಎಂಬುದು ತಂತ್ರಜ್ಞರೊಬ್ಬರೇ ನಿರ್ಧರಿಸುವ ವಿಷಯವಲ್ಲ. ಅದು ಪಂಚಾಯಿತಿ ದಾಖಲೆಗಳ ರಕ್ಷಣೆಗೆ ಸಂಬಂಧಿಸಿದ ತೀರ್ಮಾನ. ಈ ದೃಷ್ಟಿಯಿಂದ ಸದಸ್ಯರು ತಿಳಿದಿರಬೇಕಾದ ಅಂಶಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

1. ಯಾವ ದಾಖಲೆ ಎಲ್ಲಿದೆ?

"ಎಲ್ಲವೂ ಆನ್‌ಲೈನ್‌ನಲ್ಲಿದೆ, ಗಣಕಯಂತ್ರ ಅಳಿಸಿದರೂ ನಷ್ಟವಿಲ್ಲ" ಎಂಬ ಮಾತು ಅರ್ಧ ಮಾತ್ರ ನಿಜ. ಪಂಚತಂತ್ರ, ಇ-ಸ್ವತ್ತು, ಇ-ಗ್ರಾಮ ಸ್ವರಾಜ್ ಮೊದಲಾದ ತಂತ್ರಾಂಶಗಳಲ್ಲಿ ನಮೂದಿಸಿ ಸಲ್ಲಿಸಿದ ಮಾಹಿತಿಯು ಸರ್ಕಾರದ ಸರ್ವರ್‌ಗಳಲ್ಲಿ ಇರುತ್ತದೆ. ಕಚೇರಿಯ ಯಂತ್ರವನ್ನು ಫಾರ್ಮ್ಯಾಟ್ ಮಾಡಿದರೂ ಅದಕ್ಕೆ ಧಕ್ಕೆಯಿಲ್ಲ.

ಆದರೆ ಅಲ್ಲಿಗೆ ಸಲ್ಲಿಸದೇ ಇರುವ, ಕಚೇರಿಯ ಯಂತ್ರದಲ್ಲಿ ಮಾತ್ರ ಇರುವ ದಾಖಲೆಗಳೂ ಬಹಳ. ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಸಭಾ ನಡಾವಳಿಗಳು, ಗ್ರಾಮ ಸಭೆಯಲ್ಲಿ ಸಿದ್ಧಪಡಿಸಿದ ಫಲಾನುಭವಿಗಳ ಪಟ್ಟಿಗಳು, ಎಕ್ಸೆಲ್‌ನಲ್ಲಿರುವ ಕಂದಾಯದ ಬೇಡಿಕೆ-ವಸೂಲಿ-ಬಾಕಿ ತಃಖ್ತೆಗಳು, ಕುಡಿಯುವ ನೀರಿನ ಸಂಪರ್ಕಗಳ ವಿವರ, ಕಾಮಗಾರಿಗಳ ಹಂತವಾರು ಛಾಯಾಚಿತ್ರಗಳು, ಸ್ಕ್ಯಾನ್ ಮಾಡಿದ ಅರ್ಜಿಗಳು, ಪತ್ರ ವ್ಯವಹಾರ ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ. ವಸತಿ ಯೋಜನೆಗೆ ಆಯ್ಕೆಯಾದ ಕುಟುಂಬವೊಂದು ಮೂರು ವರ್ಷಗಳ ನಂತರ ಬಂದು ತನ್ನ ಹೆಸರು ಯಾವ ಗ್ರಾಮ ಸಭೆಯಲ್ಲಿ, ಯಾವ ಕ್ರಮಸಂಖ್ಯೆಯಲ್ಲಿ ಇತ್ತೆಂದು ಕೇಳಿದರೆ ಉತ್ತರ ದೊರೆಯುವುದು ಇಂತಹ ಫೈಲುಗಳಿಂದಲೇ.

ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4ರಂತೆ ದಾಖಲೆಗಳನ್ನು ಕ್ರಮಬದ್ಧವಾಗಿ ನಿರ್ವಹಿಸುವುದು ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯ. ಅರ್ಜಿಯಲ್ಲಿ ಕೋರಿರುವ ಮಾಹಿತಿಯನ್ನು ನಾಶಪಡಿಸಿದರೆ ಪ್ರಕರಣ 20ರಂತೆ ದಿನಕ್ಕೆ ರೂ. 250ರಂತೆ ಗರಿಷ್ಠ ರೂ. 25,000 ದಂಡಕ್ಕೆ ಅವಕಾಶವಿದೆ. ಬಾಕಿ ಇರುವ ಅರ್ಜಿಯೊಂದರ ಮಾಹಿತಿ ಯಂತ್ರದಲ್ಲಿದ್ದು, ಆ ಯಂತ್ರವನ್ನು ಪ್ರತಿ ತೆಗೆಯದೆ ಅಳಿಸಿದರೆ ಕಚೇರಿಯು ಸಮರ್ಥನೆ ನೀಡುವುದು ಕಷ್ಟವಾಗುತ್ತದೆ.

2. ಫಾರ್ಮ್ಯಾಟ್ ಎಂದರೇನು?

ಹಾರ್ಡ್ ಡಿಸ್ಕನ್ನು ಕಚೇರಿಯ ದಾಖಲೆ ಕೊಠಡಿಗೆ ಹೋಲಿಸಬಹುದು. ಕೊಠಡಿಯಲ್ಲಿ ಕಡತಗಳಿರುತ್ತವೆ, ಯಾವ ಕಡತ ಯಾವ ಕಪಾಟಿನಲ್ಲಿದೆ ಎಂಬ ಸೂಚಿ ವಹಿಯೂ ಇರುತ್ತದೆ. ತ್ವರಿತ ಫಾರ್ಮ್ಯಾಟ್ ಎಂದರೆ ಹಳೆಯ ಸೂಚಿ ವಹಿಯನ್ನು ತೆಗೆದು ಖಾಲಿ ವಹಿ ಇಡುವುದು. ಕಡತಗಳು ಕೆಲಕಾಲ ಇದ್ದಲ್ಲಿಯೇ ಇರುತ್ತವೆ, ಆದರೆ ಆ ಜಾಗ ಖಾಲಿಯೆಂದು ಪರಿಗಣಿಸಿ ವಿಂಡೋಸ್ ಅವುಗಳ ಮೇಲೆಯೇ ಹೊಸ ಮಾಹಿತಿ ಬರೆಯುತ್ತದೆ. ವಿಂಡೋಸ್ ಅಳವಡಿಕೆಯ ಸಮಯದಲ್ಲಿ "ಫಾರ್ಮ್ಯಾಟ್" ಒತ್ತಿದಾಗ ನಡೆಯುವುದು ಇದೇ. ಪೂರ್ಣ ಫಾರ್ಮ್ಯಾಟ್ ಬೇರೆ. ಅದು ಡಿಸ್ಕಿನ ಪ್ರತಿ ಭಾಗದ ಮೇಲೂ ಸೊನ್ನೆ ಬರೆದು, ಕೆಟ್ಟ ಭಾಗಗಳನ್ನು ಪರಿಶೀಲಿಸುತ್ತದೆ. ಇದಕ್ಕೆ ಹಲವು ಗಂಟೆ ಬೇಕಾಗುತ್ತದೆ. ಇದರ ನಂತರ ಹಳೆಯ ಮಾಹಿತಿ ಮರಳಿ ಸಿಗುವುದಿಲ್ಲ.

ಇತ್ತೀಚಿನ ಯಂತ್ರಗಳಲ್ಲಿ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಇರುತ್ತದೆ. ಫಾರ್ಮ್ಯಾಟ್ ಮಾಡಿದಾಗ ವಿಂಡೋಸ್ "ಟ್ರಿಮ್" ಎಂಬ ಆದೇಶ ಕಳುಹಿಸಿ, ಆ ಜಾಗಗಳು ಇನ್ನು ಬೇಕಿಲ್ಲವೆಂದು ಎಸ್‌ಎಸ್‌ಡಿಗೆ ತಿಳಿಸುತ್ತದೆ. ಹೀಗಾಗಿ ಹಾರ್ಡ್ ಡಿಸ್ಕಿನಲ್ಲಿ ತಪ್ಪಿ ಅಳಿಸಿದ್ದನ್ನು ಮರಳಿ ಪಡೆಯುವ ಅವಕಾಶ ಸ್ವಲ್ಪವಾದರೂ ಇದ್ದರೆ, ಎಸ್‌ಎಸ್‌ಡಿಯಲ್ಲಿ ಆ ಅವಕಾಶ ಬಹುತೇಕ ಇಲ್ಲ.

ಇಲ್ಲಿ ಎರಡು ಸಂಗತಿಗಳನ್ನು ನೆನಪಿಡಬೇಕು. ದುರಸ್ತಿಗಾಗಿ ಮಾಡಿದ ಫಾರ್ಮ್ಯಾಟ್ ಬೇಕಾದ ದಾಖಲೆಯನ್ನು ಕಳೆಯಬಹುದು. ವಿಲೇವಾರಿಗಾಗಿ ಮಾಡಿದ ತ್ವರಿತ ಫಾರ್ಮ್ಯಾಟ್ ಬೇಡದವರ ಕೈಗೆ ದಾಖಲೆ ಸಿಗುವಂತೆ ಬಿಡಬಹುದು.

3. ಕಾರಣವನ್ನು ನೋಡಿ ತೀರ್ಮಾನ

ಫಾರ್ಮ್ಯಾಟ್ ಬೇಕೇ ಎಂಬ ಪ್ರಶ್ನೆಗೆ ಎಲ್ಲ ಸಂದರ್ಭಕ್ಕೂ ಒಂದೇ ಉತ್ತರವಿಲ್ಲ. ಮರುಅಳವಡಿಕೆ ಏಕೆ ಅಗತ್ಯವಾಯಿತು ಎಂಬುದನ್ನು ಮೊದಲು ಕೇಳಬೇಕು.

ಅ) ಹೊಸ ಆವೃತ್ತಿಗೆ ಬದಲಾಯಿಸುವುದಷ್ಟೇ ಉದ್ದೇಶವಾಗಿದ್ದರೆ: ಫಾರ್ಮ್ಯಾಟ್ ಅಗತ್ಯವಿಲ್ಲ. ಸುಸ್ಥಿತಿಯಲ್ಲಿರುವ ವಿಂಡೋಸ್ 10ರಿಂದ ವಿಂಡೋಸ್ 11ಕ್ಕೆ ಫೈಲು ಹಾಗೂ ತಂತ್ರಾಂಶಗಳನ್ನು ಉಳಿಸಿಕೊಂಡೇ ಮೇಲ್ದರ್ಜೆಗೇರಿಸಬಹುದು. ಇದಕ್ಕೆ ಯಂತ್ರದಲ್ಲಿ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಸಂಗ್ರಹಣಾ ಸ್ಥಳ, ಟಿಪಿಎಂ 2.0 ಹಾಗೂ ಮೈಕ್ರೋಸಾಫ್ಟ್ ಒಪ್ಪಿರುವ ಪ್ರೊಸೆಸರ್ ಇರಬೇಕು. "ಪಿಸಿ ಹೆಲ್ತ್ ಚೆಕ್" ಎಂಬ ಉಚಿತ ತಂತ್ರಾಂಶದಿಂದ ಇದನ್ನು ಪರೀಕ್ಷಿಸಬಹುದು. ಅರ್ಹತೆಯಿಲ್ಲದ ಯಂತ್ರಕ್ಕೆ ಅಡ್ಡದಾರಿಯಲ್ಲಿ ವಿಂಡೋಸ್ 11 ಅಳವಡಿಸುವುದು ಸರ್ಕಾರಿ ಕಚೇರಿಗೆ ತಕ್ಕುದಲ್ಲ.

ಆ) ಯಂತ್ರ ನಿಧಾನವಾಗಿದ್ದರೆ: ಫಾರ್ಮ್ಯಾಟ್‌ನಿಂದ ಕೆಲವು ದಿನ ವೇಗ ಹೆಚ್ಚಿದಂತೆ ಕಂಡರೂ ಮೂಲ ಕಾರಣ ಹಳೆಯ ಹಾರ್ಡ್ ಡಿಸ್ಕ್ ಅಥವಾ ಕಡಿಮೆ ರ್‍ಯಾಮ್ ಆಗಿರಬಹುದು. ಇಂತಹ ಯಂತ್ರಕ್ಕೆ ಹೊಸ ಎಸ್‌ಎಸ್‌ಡಿ ಖರೀದಿಸಿ, ಅದರಲ್ಲಿ ವಿಂಡೋಸ್ ಅಳವಡಿಸಿ, ಹಳೆಯ ಹಾರ್ಡ್ ಡಿಸ್ಕನ್ನು ಮುಟ್ಟದೆ ಕಪಾಟಿನಲ್ಲಿ ಭದ್ರವಾಗಿರಿಸುವುದು ಉತ್ತಮ ಕ್ರಮ. ಯಂತ್ರದ ವೇಗವೂ ಹೆಚ್ಚುತ್ತದೆ. ಮರೆತುಹೋದ ಫೈಲು ಆರು ತಿಂಗಳ ನಂತರ ನೆನಪಾದರೂ ಸಿಗುತ್ತದೆ. ಫಾರ್ಮ್ಯಾಟ್ ಪ್ರಶ್ನೆಯೇ ಇಲ್ಲಿ ಉದ್ಭವಿಸುವುದಿಲ್ಲ.

ಇ) ವೈರಸ್ ತಗುಲಿದ್ದರೆ: ಇಲ್ಲಿ ಫಾರ್ಮ್ಯಾಟ್ ಮಾಡಿ ಅಳವಡಿಸುವುದು ಸಮರ್ಥನೀಯ. ಹಳೆಯ ವಿಂಡೋಸ್ ಮೇಲೆಯೇ ಹೊಸದನ್ನು ಹಾಕಿದರೆ ಸೋಂಕಿತ ಫೈಲುಗಳು ಹಾಗೆಯೇ ಉಳಿಯಬಹುದು. ಆದರೆ ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡಿ, ಡಿ ಡ್ರೈವ್ ಹಾಗೂ ಕಚೇರಿಯ ಪೆನ್ ಡ್ರೈವ್‌ಗಳನ್ನು ವೈರಸ್ ತಪಾಸಣೆ ಮಾಡದೆ ಬಿಟ್ಟರೆ ಸೋಂಕು ಮರಳಬಹುದು.

ಫೈಲುಗಳ ಹೆಸರು ಬದಲಾಗಿ, ತೆರೆಯಲು ಹಣ ಕೇಳುವ ಸಂದೇಶ ಬಂದಿದ್ದರೆ ಅದು ಸುಲಿಗೆ ತಂತ್ರಾಂಶದ ದಾಳಿ. ಅಂತಹ ಯಂತ್ರವನ್ನು ತಕ್ಷಣ ಇಂಟರ್‌ನೆಟ್ ಹಾಗೂ ಕಚೇರಿ ಜಾಲದಿಂದ ಬೇರ್ಪಡಿಸಬೇಕು, ಫಾರ್ಮ್ಯಾಟ್ ಮಾಡಬಾರದು. ಡಿಸ್ಕು ತನಿಖೆಗೆ ಸಾಕ್ಷ್ಯ. ಮುಂದೊಂದು ದಿನ ಬೀಗ ತೆಗೆಯುವ ಉಪಾಯ ದೊರೆತರೆ ದಾಖಲೆ ಮರಳಿ ಸಿಗುವ ಆಧಾರವೂ ಅದೇ. ಸೈಬರ್ ಅಪರಾಧ ಸಹಾಯವಾಣಿ ಸಂಖ್ಯೆ 1930. ಸರ್ಕಾರಿ ಸಂಸ್ಥೆಗಳು ಇಂತಹ ಘಟನೆಯನ್ನು ತಿಳಿದ 6 ಗಂಟೆಯೊಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶನವಿದೆ. ಆದುದರಿಂದ ಮೇಲಧಿಕಾರಿಗಳಿಗೆ ಅದೇ ದಿನ, ಕೂಡಲೇ ತಿಳಿಸಬೇಕು.

ಈ) ಯಂತ್ರ ತೆರೆಯದೇ ನಿಂತಿದ್ದರೆ: ಅವಸರದ ತೀರ್ಮಾನ ಹೆಚ್ಚಾಗಿ ಆಗುವುದು ಇಲ್ಲಿಯೇ. ವಿಂಡೋಸ್ ತೆರೆಯಲಿಲ್ಲವೆಂದರೆ ಫೈಲುಗಳು ಹೋಗಿವೆ ಎಂದರ್ಥವಲ್ಲ. ಪೆನ್ ಡ್ರೈವ್‌ನಿಂದ ನಡೆಯುವ ಉಬುಂಟು ಮೊದಲಾದ ಲಿನಕ್ಸ್ ವ್ಯವಸ್ಥೆಯನ್ನು ಅಳವಡಿಸದೆ, ಪ್ರಯೋಗ ರೂಪದಲ್ಲಿ ತೆರೆದು ಫೈಲುಗಳನ್ನು ಬೇರೆಡೆಗೆ ನಕಲು ಮಾಡಬಹುದು. ಅಥವಾ ಡಿಸ್ಕನ್ನು ಬಿಚ್ಚಿ ಮತ್ತೊಂದು ಯಂತ್ರಕ್ಕೆ ಜೋಡಿಸಿ ನಕಲು ಮಾಡಬಹುದು. ಬಿಟ್‌ಲಾಕರ್ ರಕ್ಷಣೆ ಇರುವ ಡಿಸ್ಕಾದರೆ 48 ಅಂಕಿಗಳ ಮರುಪ್ರಾಪ್ತಿ ಕೀಲಿ ಬೇಕು. ಯಂತ್ರ ಸರಿಯಿರುವಾಗಲೇ ಅದನ್ನು ಬರೆದು ಲಕೋಟೆಯಲ್ಲಿ ಮುಚ್ಚಿ ಭದ್ರವಾಗಿಡಬೇಕು. ದಾಖಲೆ ಹೊರತೆಗೆದ ನಂತರವೇ ಫಾರ್ಮ್ಯಾಟ್ ಮಾತು.

ಉ) ಡಿಸ್ಕೇ ಕೆಡುತ್ತಿದ್ದರೆ: ಟಕ್‌ಟಕ್ ಸದ್ದು, ಫೈಲು ನಕಲು ಮಾಡುವಾಗ ಮಧ್ಯದಲ್ಲಿ ನಿಲ್ಲುವುದು, ಯಂತ್ರ ತೆರೆಯುವಾಗ ಡಿಸ್ಕ್ ದೋಷದ ಎಚ್ಚರಿಕೆ ಬರುವುದು ಇದರ ಲಕ್ಷಣಗಳು. ಇಂತಹ ಡಿಸ್ಕಿಗೆ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕುವುದರಿಂದ ಪ್ರಯೋಜನವಿಲ್ಲ. ಚಾಲನೆಯಲ್ಲಿಟ್ಟಷ್ಟೂ ಹಾನಿ ಹೆಚ್ಚುತ್ತದೆ. ಅತಿ ಮುಖ್ಯ ಫೈಲುಗಳನ್ನು ಮೊದಲು ನಕಲು ಮಾಡಿಕೊಂಡು ಡಿಸ್ಕನ್ನು ಬದಲಿಸಬೇಕು.

4. ಪ್ರತಿ ತೆಗೆಯುವ ಕ್ರಮ

ಮೇಲ್ಕಂಡ ಎಲ್ಲ ಸಂದರ್ಭಗಳಿಗೂ ಸಾಮಾನ್ಯವಾದ ನಿಯಮವೆಂದರೆ, ಪ್ರತಿ ತೆಗೆದು ಪರಿಶೀಲಿಸುವವರೆಗೆ ಯಾವುದನ್ನೂ ಅಳಿಸಬಾರದು.

"ಡಿ ಡ್ರೈವ್‌ಗೆ ಹಾಕಿದ್ದೇವೆ" ಎಂಬುದು ಪ್ರತಿ ತೆಗೆದಂತಲ್ಲ. ಸಾಮಾನ್ಯವಾಗಿ ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಭಾಗಗಳು. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ಅಳವಡಿಸುವಾಗ ಭಾಗ ತಪ್ಪಿದರೂ ಹೋಗುತ್ತವೆ. ಹೊರಗಿನ ಎರಡು ಪ್ರತ್ಯೇಕ ಹಾರ್ಡ್ ಡಿಸ್ಕ್‌ಗಳಲ್ಲಿ ತಲಾ ಒಂದು ಪ್ರತಿ ಇರಬೇಕು. ಒಂದು ಕಚೇರಿಯ ಕಪಾಟಿನಲ್ಲಿ, ಮತ್ತೊಂದು ಬೇರೊಂದು ಸುರಕ್ಷಿತ ಸರ್ಕಾರಿ ಸ್ಥಳದಲ್ಲಿರಲಿ.

ಡೆಸ್ಕ್‌ಟಾಪ್ ಮೇಲೆ ಕಾಣುವ ಫೈಲುಗಳು ಸಿ ಡ್ರೈವ್‌ನಲ್ಲಿಯೇ ಇರುತ್ತವೆ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಫೋಲ್ಡರ್‌ಗಳೂ ಹಾಗೆಯೇ. ಸಿ ಡ್ರೈವ್ ಫಾರ್ಮ್ಯಾಟ್ ಆದರೆ ಇವೆಲ್ಲವೂ ಹೋಗುತ್ತವೆ. ಆದುದರಿಂದ ಕೆಳಕಂಡವುಗಳನ್ನು ತಪ್ಪದೇ ಪರಿಶೀಲಿಸಿ ಪ್ರತಿ ತೆಗೆಯಬೇಕು:

- ಈಗಿನ ಹಾಗೂ ಹಿಂದಿನ ಗಣಕಯಂತ್ರ ನಿರ್ವಾಹಕರ ಹೆಸರಿನಲ್ಲಿರುವ ಎಲ್ಲ ಬಳಕೆದಾರ ಫೋಲ್ಡರ್‌ಗಳು
- ಸ್ಕ್ಯಾನರ್ ತನ್ನಷ್ಟಕ್ಕೆ ಫೈಲು ಉಳಿಸುವ ಫೋಲ್ಡರ್
- ಡಿ ಹಾಗೂ ಇತರ ಡ್ರೈವ್‌ಗಳಲ್ಲಿರುವ ಫೈಲುಗಳು
- ಯಂತ್ರದಲ್ಲಿಯೇ ಸಂಗ್ರಹವಾಗಿರುವ ಇ-ಮೇಲ್‌ಗಳು
- ಬ್ರೌಸರ್‌ನಲ್ಲಿ ಉಳಿಸಿರುವ ಜಾಲತಾಣಗಳ ವಿಳಾಸಗಳು
- ನುಡಿ ತಂತ್ರಾಂಶ, ಅದರ ಅಕ್ಷರಶೈಲಿಗಳು, ಪ್ರಿಂಟರ್ ಹಾಗೂ ಸ್ಕ್ಯಾನರ್‌ಗಳ ಚಾಲಕ ತಂತ್ರಾಂಶಗಳು

ನುಡಿಯ ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಯೂನಿಕೋಡ್‌ಗೆ ಮುಂಚಿನ ವಿಧಾನದಲ್ಲಿ ಸಿದ್ಧಪಡಿಸಿದ ಹಳೆಯ ನಡಾವಳಿಗಳು ಆಯಾ ನುಡಿ ಅಕ್ಷರಶೈಲಿ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತವೆ. ಫೈಲು ಕೆಟ್ಟಿದೆಯೆಂದು ತಪ್ಪಾಗಿ ತಿಳಿದು ಅಳಿಸಿಬಿಡುವ ಅಪಾಯವಿದೆ. ಅಕ್ಷರಶೈಲಿಯನ್ನು ಮರಳಿ ಅಳವಡಿಸಿದರೆ ಕನ್ನಡ ಪಠ್ಯ ಮತ್ತೆ ಕಾಣಿಸುತ್ತದೆ.

ಪ್ರತಿ ತೆಗೆದ ನಂತರ ಮೂಲದ ಹಾಗೂ ಪ್ರತಿಯ ಫೈಲುಗಳ ಸಂಖ್ಯೆ ಮತ್ತು ಒಟ್ಟು ಗಾತ್ರವನ್ನು ಹೋಲಿಸಬೇಕು. ಬಳಿಕ ಪ್ರತಿಯನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ, ಪ್ರತಿ ವರ್ಷದ ಕೆಲವು ಫೈಲುಗಳನ್ನು ತೆರೆದು ನೋಡಬೇಕು. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ನಂಬಬಾರದು.

5. ಅಳವಡಿಕೆಯ ದಿನ

ವಿಂಡೋಸ್ ಅಳವಡಿಕೆಯ ಪರದೆಯಲ್ಲಿ ಡಿಸ್ಕಿನ ಭಾಗಗಳು ಸಿ, ಡಿ ಎಂಬ ಅಕ್ಷರಗಳಿಂದ ಕಾಣುವುದಿಲ್ಲ; ಭಾಗ 1, ಭಾಗ 2 ಎಂಬ ಸಂಖ್ಯೆ, ಗಾತ್ರ ಮೊದಲಾದ ವಿವರಗಳು ಕಾಣುತ್ತವೆ. ತಪ್ಪುಗಳಾಗುವುದು ಇದರಿಂದಲೇ. ಆದುದರಿಂದ ಯಂತ್ರ ತೆರೆದಿರುವಾಗಲೇ ಸಿ ಹಾಗೂ ಡಿ ಡ್ರೈವ್‌ಗಳ ಗಾತ್ರವನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಪ್ರತಿ ಇರುವ ಹೊರಗಿನ ಡಿಸ್ಕ್‌ಗಳನ್ನು ಯಂತ್ರದಿಂದ ಕಳಚಿ ಬೇರೆಡೆ ಇಡಬೇಕು.

ಆ ಪರದೆಯಲ್ಲಿ "ಫಾರ್ಮ್ಯಾಟ್" ಆಯ್ದ ಭಾಗದ ಫೈಲುಗಳನ್ನು ತೆಗೆಯುತ್ತದೆ. "ಡಿಲೀಟ್" ಆ ಭಾಗವನ್ನೇ ಇಲ್ಲವಾಗಿಸುತ್ತದೆ. ಎಲ್ಲ ಭಾಗಗಳನ್ನೂ ಡಿಲೀಟ್ ಮಾಡಿ ಹೊಸದಾಗಿ ವಿಂಗಡಿಸುವ ಪದ್ಧತಿ ಕೆಲವು ತಂತ್ರಜ್ಞರಲ್ಲಿದೆ. ಹಾಗೆ ಮಾಡಿದರೆ ಡಿ ಡ್ರೈವ್ ಸಹ ಹೋಗುತ್ತದೆ.

ಫಾರ್ಮ್ಯಾಟ್ ಮಾಡದೆ ಅದೇ ಭಾಗದ ಮೇಲೆ ವಿಂಡೋಸ್ ಅಳವಡಿಸಿದರೆ ಹಳೆಯ ಫೈಲುಗಳು "ವಿಂಡೋಸ್ ಡಾಟ್ ಓಲ್ಡ್" ಎಂಬ ಫೋಲ್ಡರ್‌ಗೆ ಸೇರುತ್ತವೆ. ಇದು ತಾತ್ಕಾಲಿಕ ನೆರವು ಮಾತ್ರ. ಮೇಲ್ದರ್ಜೆಗೇರಿಸಿದ ಸಂದರ್ಭದಲ್ಲಿ ಸಾಮಾನ್ಯವಾಗಿ 10 ದಿನಗಳ ನಂತರ ಈ ಫೋಲ್ಡರ್ ತನ್ನಷ್ಟಕ್ಕೆ ಅಳಿಸಿಹೋಗುತ್ತದೆ. ಅದನ್ನೇ ದಾಖಲೆಯ ಭದ್ರತೆಯೆಂದು ಭಾವಿಸಬಾರದು.

ಯಂತ್ರವನ್ನು ಅಂಗಡಿಗೆ ಕಳುಹಿಸುವುದಕ್ಕಿಂತ ಕಚೇರಿಯಲ್ಲಿಯೇ, ಜವಾಬ್ದಾರಿಯುತ ಸಿಬ್ಬಂದಿಯ ಸಮ್ಮುಖದಲ್ಲಿ ಕೆಲಸ ಮಾಡಿಸುವುದು ಸೂಕ್ತ. ಅಧಿಕೃತ ಪರವಾನಗಿಯಿರುವ ವಿಂಡೋಸ್ ಮಾತ್ರ ಬಳಸಬೇಕು. ಯಂತ್ರದ ಜೊತೆಯಲ್ಲಿ ಬಂದ ಡಿಜಿಟಲ್ ಪರವಾನಗಿ ಇದ್ದರೆ, ಅದೇ ಆವೃತ್ತಿಯನ್ನು ಮರುಅಳವಡಿಸಿ ಇಂಟರ್‌ನೆಟ್‌ಗೆ ಜೋಡಿಸಿದಾಗ ಸಾಮಾನ್ಯವಾಗಿ ತಾನಾಗಿಯೇ ಸಕ್ರಿಯಗೊಳ್ಳುತ್ತದೆ. ಪ್ರತ್ಯೇಕ ಶುಲ್ಕ ಕೊಡಬೇಕಿಲ್ಲ.

ಡಿಜಿಟಲ್ ಸಹಿಯ ಕೀಲಿಯು ಯುಎಸ್‌ಬಿ ಟೋಕನ್‌ನ ಒಳಗೆ ಇರುವುದರಿಂದ ಡಿಸ್ಕ್ ಫಾರ್ಮ್ಯಾಟ್‌ನಿಂದ ಅದು ನಾಶವಾಗುವುದಿಲ್ಲ. ಅದರ ಚಾಲಕ ತಂತ್ರಾಂಶವನ್ನು ಮಾತ್ರ ಮರಳಿ ಅಳವಡಿಸಬೇಕು. ಆದರೆ ಟೋಕನ್ನನ್ನೇ "ಇನಿಷಿಯಲೈಸ್" ಮಾಡಿದರೆ ಸಹಿ ಅಳಿಸಿಹೋಗುತ್ತದೆ. ಕೆಲಸ ಮುಗಿಯುವವರೆಗೆ ಟೋಕನ್ ಹಾಗೂ ಅದರ ಗುಪ್ತಸಂಖ್ಯೆ ಅಧಿಕಾರಿಯ ಸ್ವಾಧೀನದಲ್ಲಿಯೇ ಇರಬೇಕು. ತಂತ್ರಜ್ಞರ ಕೈಗೆ ಕೊಡಬಾರದು.

6. ತಪ್ಪಿ ಅಳಿಸಿಹೋದರೆ

ಪ್ರತಿಯಿಲ್ಲದೆ ಫಾರ್ಮ್ಯಾಟ್ ಆಗಿರುವುದು ಗಮನಕ್ಕೆ ಬಂದ ಕ್ಷಣವೇ ಯಂತ್ರವನ್ನು ನಿಲ್ಲಿಸಬೇಕು. ಅದೇ ಡಿಸ್ಕಿಗೆ ಹೊಸ ತಂತ್ರಾಂಶವನ್ನಾಗಲಿ, ಫೈಲನ್ನಾಗಲಿ, ಮರುಪ್ರಾಪ್ತಿ ತಂತ್ರಾಂಶವನ್ನಾಗಲಿ ಹಾಕಬಾರದು. ಬರೆದಷ್ಟೂ ಹಳೆಯ ಮಾಹಿತಿ ಮುಚ್ಚಿಹೋಗುತ್ತದೆ. ಡಿಸ್ಕನ್ನು ಬಿಚ್ಚಿ ಭದ್ರವಾಗಿರಿಸಿ ತಾಲ್ಲೂಕು ಪಂಚಾಯಿತಿಗೆ ಲಿಖಿತವಾಗಿ ತಿಳಿಸಬೇಕು. ವಿಷಯವನ್ನು ಮುಚ್ಚಿಟ್ಟು ಯಂತ್ರವನ್ನು ಬಳಸುತ್ತಾ ಹೋದರೆ ಉಳಿದ ಅವಕಾಶವೂ ಕಳೆದುಹೋಗುತ್ತದೆ. ಸಿಬ್ಬಂದಿಯು ತಪ್ಪನ್ನು ನಿರ್ಭಯವಾಗಿ ತಿಳಿಸುವ ವಾತಾವರಣವನ್ನು ಕಲ್ಪಿಸುವುದು ಸದಸ್ಯರ ಹೊಣೆ.

7. ಹಳೆಯ ಡಿಸ್ಕಿನ ವಿಲೇವಾರಿ

ಬದಲಿಸಿದ ಡಿಸ್ಕನ್ನು ದುರಸ್ತಿಗಾರರಿಗೆ ಬಿಟ್ಟುಕೊಡುವುದು ಅಥವಾ ಗುಜರಿಗೆ ಹಾಕುವುದು ಗಂಭೀರ ಲೋಪ. ಫಲಾನುಭವಿಗಳ ಆಧಾರ್ ಪ್ರತಿಗಳು, ಬ್ಯಾಂಕ್ ಪಾಸ್ ಪುಸ್ತಕದ ಪುಟಗಳು, ಪಡಿತರ ಚೀಟಿಗಳು ಅದರಲ್ಲಿರುತ್ತವೆ. ತ್ವರಿತ ಫಾರ್ಮ್ಯಾಟ್ ಮಾಡಿದ ಹಾರ್ಡ್ ಡಿಸ್ಕಿನಿಂದ ಇವನ್ನು ಹೊರತೆಗೆಯಲು ಸಾಧ್ಯ. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿಯೇ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ರಚನೆಯಾಗಿದೆ. ಹಾರ್ಡ್ ಡಿಸ್ಕಾದರೆ ಪೂರ್ಣ ಫಾರ್ಮ್ಯಾಟ್ ಮಾಡಿ, ಎಸ್‌ಎಸ್‌ಡಿಯಾದರೆ ತಯಾರಕರು ಒದಗಿಸಿರುವ ಸುರಕ್ಷಿತ ಅಳಿಸುವಿಕೆಯ ವಿಧಾನ ಬಳಸಿ, ಕೆಲಸ ಮಾಡದ ಡಿಸ್ಕಾದರೆ ಮತ್ತೆ ಬಳಸಲಾಗದಂತೆ ಒಡೆದು, ನಂತರವೇ ನಿಯಮಾನುಸಾರ ವಿಲೇವಾರಿ ಮಾಡಬೇಕು. ದಾಸ್ತಾನು ವಹಿಯಲ್ಲಿಯೂ ನಮೂದಿಸಬೇಕು.

8. ಸಭೆಯಲ್ಲಿ ಸದಸ್ಯರು ಕೇಳಬೇಕಾದ ಪ್ರಶ್ನೆಗಳು

ಮರುಅಳವಡಿಕೆಯ ಪ್ರಸ್ತಾವ ಬಂದಾಗ ಮಾನ್ಯ ಸದಸ್ಯರು ಈ ಐದು ಪ್ರಶ್ನೆಗಳನ್ನು ಕೇಳಿದರೆ ಸಾಕು. ತಾಂತ್ರಿಕ ಜ್ಞಾನ ಅಗತ್ಯವಿಲ್ಲ.

1) ಮರುಅಳವಡಿಕೆಗೆ ಕಾರಣವೇನು? ಫಾರ್ಮ್ಯಾಟ್ ಇಲ್ಲದೆ ಅದು ಸರಿಹೋಗುವುದಿಲ್ಲವೇ?
2) ಈ ಯಂತ್ರದಲ್ಲಿ ಮಾತ್ರ ಇರುವ ದಾಖಲೆಗಳು ಯಾವುವು?
3) ಪ್ರತಿಗಳು ಎಷ್ಟು, ಎಲ್ಲಿವೆ, ಅವನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿದವರು ಯಾರು?
4) ಯಾವ ಭಾಗವನ್ನು ಮಾತ್ರ ಅಳಿಸಲಾಗುತ್ತದೆ? ಯಾರ ಸಮ್ಮುಖದಲ್ಲಿ?
5) ಹಳೆಯ ಡಿಸ್ಕ್ ಯಾರ ಸ್ವಾಧೀನದಲ್ಲಿರುತ್ತದೆ?

ಉತ್ತರಗಳು ಸಮರ್ಪಕವಾಗಿದ್ದಲ್ಲಿ ನಿರ್ಣಯವನ್ನು ಈ ಕೆಳಕಂಡ ಮಾದರಿಯಲ್ಲಿ ದಾಖಲಿಸಬಹುದು:

"ಕಚೇರಿಯ ದಾಸ್ತಾನು ಸಂಖ್ಯೆ ......ರ ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯನ್ನು ...... ಕಾರಣಕ್ಕಾಗಿ ಮರುಅಳವಡಿಸುವ ಬಗ್ಗೆ ಸಭೆಯಲ್ಲಿ ಚರ್ಚಿಸಲಾಯಿತು. ಸದರಿ ಯಂತ್ರದಲ್ಲಿರುವ ದಾಖಲೆಗಳನ್ನು ಎರಡು ಪ್ರತ್ಯೇಕ ಡಿಸ್ಕ್‌ಗಳಿಗೆ ನಕಲು ಮಾಡಿ, ಬೇರೊಂದು ಯಂತ್ರದಲ್ಲಿ ಪರಿಶೀಲಿಸಿ, ಈ ಬಗ್ಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರು ಲಿಖಿತ ದೃಢೀಕರಣ ನೀಡಿದ ನಂತರವೇ ಕೆಲಸವನ್ನು ಕಚೇರಿಯಲ್ಲಿ, ಅವರ ಸಮ್ಮುಖದಲ್ಲಿ ಕೈಗೊಳ್ಳಲು ಹಾಗೂ ಬದಲಿಸಿದ ಡಿಸ್ಕನ್ನು ಕಚೇರಿಯ ಸ್ವಾಧೀನದಲ್ಲಿಯೇ ಇರಿಸಿಕೊಳ್ಳಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು."

ಕಚೇರಿಯ ಕಪಾಟಿನಲ್ಲಿರುವ ನಡಾವಳಿ ಪುಸ್ತಕವನ್ನು ಹಾಳೆ ಹಳದಿಯಾಯಿತೆಂದು ಯಾರೂ ಸುಡುವುದಿಲ್ಲ. ಗಣಕಯಂತ್ರದಲ್ಲಿರುವ ನಡಾವಳಿಗೂ ಅದೇ ಗೌರವ ಸಲ್ಲಬೇಕು. ಯಂತ್ರವನ್ನು ಯಾವಾಗ ಬೇಕಾದರೂ ಬದಲಿಸಬಹುದು. ಗ್ರಾಮಸ್ಥರ ದಾಖಲೆ ಒಮ್ಮೆ ಕಳೆದರೆ ಅದನ್ನು ಖರೀದಿಸಿ ತರಲಾಗದು. ಆದುದರಿಂದ ಎಲ್ಲ ಗ್ರಾಮ ಪಂಚಾಯಿತಿಗಳು ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಂಡು, ಮರುಅಳವಡಿಕೆಯ ಅಗತ್ಯ ಬರುವವರೆಗೆ ಕಾಯದೆ, ಈಗಲೇ ದಾಖಲೆಗಳ ಪ್ರತಿ ತೆಗೆಸಿಡುವಂತೆ ಕೋರಲಾಗಿದೆ.